ಹಳೇ ಕಾರಿನ ಎಸಿ ಗ್ಯಾಸ್ ಪ್ರತಿ ಬೇಸಿಗೆಗೂ ಖಾಲಿಯಾಗ್ತಿದೆಯಾ? ತುಂಬಿಸುವ ಮುನ್ನ ಸೋರಿಕೆ ಹುಡುಕಿಸಿ

ಕಲಬುರಗಿ: ಮಾರ್ಚ್ ಮುಗಿಯುವಷ್ಟರಲ್ಲಿ ಜಿಲ್ಲೆಯ ಬಿಸಿಲು ಏನೆಂದು ಎಲ್ಲರಿಗೂ ಗೊತ್ತು. ಏಪ್ರಿಲ್, ಮೇ ತಿಂಗಳಲ್ಲಿ ಪಾರಾ 40 ಡಿಗ್ರಿ ದಾಟುವುದು ಇಲ್ಲಿ ಮಾಮೂಲು. ಹತ್ತು-ಹದಿನೈದು ವರ್ಷದ ಹಳೇ ಕಾರು ಇಟ್ಟುಕೊಂಡವರು ಎಸಿ ಸ್ವಿಚ್ ಒತ್ತಿದರೆ ಬಿಸಿ ಗಾಳಿ ಬರುವುದೂ ಆಗಲೇ. ಗ್ಯಾರೇಜಿಗೆ ಹೋದರೆ ಕೇಳಿಬರುವ ಮಾತು ಒಂದೇ: ‘ಗ್ಯಾಸ್ ಖಾಲಿ ಆಗ್ಯಾದ ರೀ, ತುಂಬಿದ್ರ ಸರಿ ಆಗ್ತದ.’ ಗ್ಯಾಸ್ ತುಂಬಿಸಿ, ತಣ್ಣನೆ ಗಾಳಿ ಬಂತೆಂದು ಖುಷಿಯಿಂದ ಮನೆಗೆ ಬಂದವರಿಗೆ ಮುಂದಿನ ಬೇಸಿಗೆಗೆ, ಕೆಲವರಿಗೆ ಮುಂದಿನ ತಿಂಗಳಿಗೇ, ಮತ್ತೆ ಅದೇ ಕಥೆ.

ಎಸಿ ಗ್ಯಾಸ್ ಪೆಟ್ರೋಲ್‌ನಂತೆ ಉರಿದು ಖರ್ಚಾಗುವ ವಸ್ತು ಅಲ್ಲ. ಮುಚ್ಚಿದ ಪೈಪುಗಳ ಒಳಗೇ ಸುತ್ತುತ್ತಾ ಇರುತ್ತದೆ. ಅದು ಕಡಿಮೆಯಾಗಿದೆ ಎಂದರೆ ಎಲ್ಲೋ ಒಂದು ಕಡೆ ಸೋರಿದೆ ಎಂದೇ ಅರ್ಥ. ಆ ಜಾಗ ಹುಡುಕದೆ ಮತ್ತೆ ತುಂಬಿಸುವುದು ತೂತು ಬಿದ್ದ ಕೊಡಕ್ಕೆ ನೀರು ಸುರಿದ ಹಾಗೆ.

ಗ್ಯಾಸ್ ಸುತ್ತುವುದು ಹೇಗೆ?

ಇಂಜಿನ್ ಬೆಲ್ಟ್‌ನಿಂದ ತಿರುಗುವ ಕಂಪ್ರೆಸರ್ ಗ್ಯಾಸನ್ನು ಒತ್ತಿ ಬಿಸಿ ಮಾಡುತ್ತದೆ. ರೇಡಿಯೇಟರ್ ಮುಂದಿರುವ ಕಂಡೆನ್ಸರ್‌ನಲ್ಲಿ ಆ ಬಿಸಿ ಹೊರಗೆ ಹೋಗಿ ಗ್ಯಾಸ್ ದ್ರವವಾಗುತ್ತದೆ. ಡ್ರೈಯರ್ ಅದರಲ್ಲಿನ ತೇವ ಹೀರಿಕೊಳ್ಳುತ್ತದೆ. ಎಕ್ಸ್‌ಪ್ಯಾನ್ಷನ್ ವಾಲ್ವ್ ದಾಟಿದ ಮೇಲೆ ಒತ್ತಡ ಇಳಿದು, ಡ್ಯಾಶ್‌ಬೋರ್ಡ್ ಒಳಗಿನ ಇವಾಪರೇಟರ್‌ನಲ್ಲಿ ದ್ರವ ಮತ್ತೆ ಆವಿಯಾಗುತ್ತದೆ. ಆವಿಯಾಗುವಾಗ ಕ್ಯಾಬಿನ್‌ನ ಶಾಖ ಎಳೆದುಕೊಳ್ಳುತ್ತದೆ. ನಮಗೆ ಸಿಗುವ ತಂಪು ಅದೇ.

ಸಣ್ಣ ಹ್ಯಾಚ್‌ಬ್ಯಾಕ್ ಕಾರಿನಲ್ಲಿ ಇರುವ ಗ್ಯಾಸ್ ಅರ್ಧ ಕಿಲೋ ಆಸುಪಾಸು ಮಾತ್ರ. ಹಿಂದೆಯೂ ಎಸಿ ಇರುವ ದೊಡ್ಡ ಗಾಡಿಗಳಲ್ಲಿ ಇನ್ನೂ ಹೆಚ್ಚು. ನಿಮ್ಮ ಕಾರಿಗೆ ಎಷ್ಟು ಗ್ರಾಂ, ಯಾವ ಗ್ಯಾಸ್ ಎಂಬುದನ್ನು ಬಾನೆಟ್ ಕೆಳಗಿನ ಸ್ಟಿಕ್ಕರ್‌ನಲ್ಲಿ ಬರೆದಿರುತ್ತಾರೆ. ರಸ್ತೆಯಲ್ಲಿರುವ ಹಳೇ ಕಾರುಗಳಲ್ಲಿ ಬಹುಪಾಲು ಆರ್-134ಎ ಗ್ಯಾಸ್ ಇರುತ್ತದೆ.

ರಬ್ಬರ್ ಹೋಸ್ ಮತ್ತು ಸೀಲ್‌ಗಳ ಮೂಲಕ ವರ್ಷಕ್ಕೆ ಸ್ವಲ್ಪ ಗ್ಯಾಸ್ ಜಿನುಗುವುದು ಸಹಜ. ಆರೇಳು ವರ್ಷಕ್ಕೊಮ್ಮೆ ತುಂಬಿಸಬೇಕಾಗಿ ಬಂದರೆ ಗಾಬರಿ ಬೇಡ. ಪ್ರತಿ ವರ್ಷ ತುಂಬಿಸಬೇಕಾಗಿದೆ ಎಂದರೆ ಮಾತ್ರ ಅದು ರಿಪೇರಿ ಕೇಳುತ್ತಿದೆ.

ಗ್ಯಾಸ್ ಜತೆ ಎಣ್ಣೆಯೂ ಹೋಗುತ್ತೆ

ಹೆಚ್ಚಿನವರು ಗಮನಿಸದ ಸಂಗತಿ ಇದು. ಕಂಪ್ರೆಸರ್‌ಗೆ ಬೇಕಾದ ಎಣ್ಣೆ ಗ್ಯಾಸ್ ಜತೆಯಲ್ಲೇ ಸುತ್ತುತ್ತದೆ. ಸೋರಿಕೆ ಇದ್ದಲ್ಲಿ ಎಣ್ಣೆಯೂ ಸ್ವಲ್ಪ ಸ್ವಲ್ಪ ಹೊರಬೀಳುತ್ತದೆ. ಗ್ಯಾಸ್ ಕಡಿಮೆಯಾದಾಗ ಉಳಿದ ಎಣ್ಣೆ ಕಂಪ್ರೆಸರ್‌ಗೆ ಸರಿಯಾಗಿ ವಾಪಸ್ ಬರುವುದೂ ಇಲ್ಲ. ಮೂರು-ನಾಲ್ಕು ಬೇಸಿಗೆ ಬರೀ ಗ್ಯಾಸ್ ತುಂಬಿಸುತ್ತಾ ಎಣ್ಣೆಯ ಲೆಕ್ಕ ನೋಡದಿದ್ದರೆ ಕಂಪ್ರೆಸರ್ ಒಣಗಿ ಜಾಮ್ ಆಗಬಹುದು. ಒಳಗೆ ಸವೆದ ಲೋಹದ ಪುಡಿ ಕಂಡೆನ್ಸರ್, ವಾಲ್ವ್‌ಗೂ ಹೋಗಿ ಕೂರುತ್ತದೆ. ಒಂದು ಓ-ರಿಂಗ್ ಬದಲಿಸಿದ್ದರೆ ಮುಗಿಯುತ್ತಿದ್ದ ಕೆಲಸ ಇಡೀ ಎಸಿ ಬದಲಿಸುವ ಮಟ್ಟಕ್ಕೆ ಹೋಗುತ್ತದೆ.

ತಂಪು ಇಲ್ಲ ಎಂದರೆ ಗ್ಯಾಸೇ ಇಲ್ಲ ಎಂದಲ್ಲ

ಗೇಜ್ ಹಾಕಿಸುವ ಮೊದಲು ಇಷ್ಟು ನೋಡಿಕೊಳ್ಳಿ. ಗಾಳಿಯೇ ಕಡಿಮೆ ಬರುತ್ತಿದ್ದರೆ ಕ್ಯಾಬಿನ್ ಫಿಲ್ಟರ್‌ನಲ್ಲಿ ಧೂಳು ತುಂಬಿರಬಹುದು. ಗಾಡಿ ಓಡುವಾಗ ತಂಪಿದ್ದು ಸಿಗ್ನಲ್‌ನಲ್ಲಿ ನಿಂತಾಗ ಬಿಸಿಯಾದರೆ ಕಂಡೆನ್ಸರ್ ಫ್ಯಾನ್ ಕೆಲಸ ಮಾಡ್ತಿದೆಯಾ ನೋಡಬೇಕು. ಸೇಡಂ, ಚಿತ್ತಾಪುರ ಕಡೆಯ ಸಿಮೆಂಟ್ ಧೂಳಿನಲ್ಲಿ, ಹೊಲದ ಕರಿಮಣ್ಣಿನ ದಾರಿಯಲ್ಲಿ ಓಡಾಡುವ ಗಾಡಿಗಳ ಕಂಡೆನ್ಸರ್ ರೆಕ್ಕೆಗಳಲ್ಲಿ ಮಣ್ಣು ಮೆತ್ತಿಕೊಂಡಿದ್ದರೆ ಗ್ಯಾಸ್ ಪೂರ್ತಿ ಇದ್ದರೂ ತಂಪಾಗದು. ಕಡಿಮೆ ಒತ್ತಡದ ನೀರಿನಲ್ಲಿ ತೊಳೆದರೆ ಎಷ್ಟೋ ಸಲ ಅದೇ ಸಾಕು.

ಗ್ಯಾಸ್ ಕಡಿಮೆಯಾದಾಗ ಸಾಮಾನ್ಯವಾಗಿ ಕಾಣುವ ಲಕ್ಷಣ ಬೇರೆ. ಕಂಪ್ರೆಸರ್ ಕ್ಲಚ್ ‘ಟಕ್’ ಎಂದು ಹಿಡಿದು ಕೆಲವೇ ಸೆಕೆಂಡಿನಲ್ಲಿ ಬಿಟ್ಟು, ಮತ್ತೆ ಹಿಡಿಯುತ್ತಿರುತ್ತದೆ. ಇನ್ನೂ ಕಡಿಮೆಯಾದರೆ ಪ್ರೆಷರ್ ಸ್ವಿಚ್ ಕಂಪ್ರೆಸರನ್ನು ಹಿಡಿಯಲು ಬಿಡುವುದೇ ಇಲ್ಲ.

ಗೇಜ್ ಎಲ್ಲಾ ಹೇಳಲ್ಲ

ಅಡುಗೆ ಸಿಲಿಂಡರ್ ನೆನಪಿಸಿಕೊಳ್ಳಿ. ಅರ್ಧ ಖಾಲಿಯಾದರೂ ಒಲೆಯ ಉರಿ ಮೊದಲಿನಂತೆಯೇ ಇರುತ್ತದೆ. ಎಷ್ಟು ಉಳಿದಿದೆ ಎಂದು ತಿಳಿಯಲು ಎತ್ತಿ ನೋಡಬೇಕು, ಇಲ್ಲವೇ ತೂಗಬೇಕು. ಕಾರಿನ ಎಸಿಯೂ ಹಾಗೆಯೇ. ಇಂಜಿನ್ ಆಫ್ ಇದ್ದಾಗ 30 ಡಿಗ್ರಿ ಉಷ್ಣಾಂಶದಲ್ಲಿ ಆರ್-134ಎ ಗೇಜ್ ಸುಮಾರು 95ರಿಂದ 100 ಪಿಎಸ್‌ಐ ತೋರಿಸುತ್ತದೆ. ಒಳಗೆ ಸ್ವಲ್ಪ ದ್ರವ ಉಳಿದಿರುವವರೆಗೂ ಈ ಅಂಕಿ ಹೆಚ್ಚು ಕಡಿಮೆ ಇಷ್ಟೇ. ಅದು ಪೂರ್ತಿ ತುಂಬಿದ್ದರೂ ಅಷ್ಟೇ, ಅರ್ಧ ಇದ್ದರೂ ಅಷ್ಟೇ. ಹಾಗಾಗಿ ನಿಂತ ಗಾಡಿಗೆ ಗೇಜ್ ಹಾಕಿ ‘ಪ್ರೆಷರ್ ಅದ’ ಎಂದರೆ ಗ್ಯಾಸ್ ಸರಿಯಾಗಿದೆ ಎಂದು ಖಾತ್ರಿ ಇಲ್ಲ. ಇದ್ದದ್ದನ್ನು ಮೆಷಿನ್‌ಗೆ ಎಳೆದು ತೂಗಿ, ಸ್ಟಿಕ್ಕರ್‌ನಲ್ಲಿನ ತೂಕದ ಜತೆ ಹೋಲಿಸಿದರೆ ಮಾತ್ರ ಎಷ್ಟು ಸೋರಿದೆ ಎಂಬುದು ಖಚಿತ.

ಎಲ್ಲೆಲ್ಲಿ ಸೋರುತ್ತೆ?

ಕಂಡೆನ್ಸರ್: ಗಾಡಿಯ ಮುಂಭಾಗದಲ್ಲಿರುವುದರಿಂದ ಕಲ್ಲೇಟು ಬೀಳುವುದು ಇದಕ್ಕೇ. ಕೆಳಭಾಗದಲ್ಲಿ ಒದ್ದೆ ಮಣ್ಣು ಕೂತು ಅಲ್ಯೂಮಿನಿಯಂ ತಿಂದುಹೋಗುವುದೂ ಉಂಟು.

ಜಾಯಿಂಟ್‌ಗಳ ಓ-ರಿಂಗ್: ವರ್ಷಗಳ ಶಾಖಕ್ಕೆ ರಬ್ಬರ್ ಗಟ್ಟಿಯಾಗಿ, ಚಪ್ಪಟೆಯಾಗಿ ಹಿಡಿತ ಬಿಡುತ್ತದೆ.

ಸರ್ವಿಸ್ ಪೋರ್ಟ್: ಗ್ಯಾಸ್ ತುಂಬುವ ಬಾಯಿಯ ಒಳಗೆ ಟೈರ್ ವಾಲ್ವ್‌ನಂಥದ್ದೇ ಸಣ್ಣ ಪಿನ್ ಇರುತ್ತದೆ. ಅದು ಸೋರಿದರೆ ಸರಿಮಾಡುವುದು ಸುಲಭ. ಮೇಲಿನ ಪ್ಲಾಸ್ಟಿಕ್ ಕ್ಯಾಪ್ ಕಳೆದುಹೋಗಿದ್ದರೆ ಹೊಸದು ಹಾಕಿಸಿ.

ಕಂಪ್ರೆಸರ್ ಶಾಫ್ಟ್ ಸೀಲ್: ಎಸಿ ತಿಂಗಳುಗಟ್ಟಲೆ ಬಳಸದಿದ್ದರೆ ಈ ಸೀಲ್ ಒಣಗುತ್ತದೆ. ಕ್ಲಚ್ ಸುತ್ತ, ಬಾನೆಟ್ ಒಳಭಾಗದಲ್ಲಿ ಎಣ್ಣೆ ಸಿಡಿದ ಗುರುತು ಸಿಗಬಹುದು.

ಹೋಸ್: ರಬ್ಬರ್ ಮತ್ತು ಲೋಹ ಸೇರುವ ಕ್ರಿಂಪ್ ಜಾಗ.

ಇವಾಪರೇಟರ್: ಸದಾ ಒದ್ದೆ, ಎಲೆ-ಧೂಳು ಕೂರುವ ಜಾಗ. ಡ್ಯಾಶ್‌ಬೋರ್ಡ್ ಒಳಗಿರುವುದರಿಂದ ಕಣ್ಣಿಗೆ ಕಾಣದು. ಬಿಚ್ಚುವ ಕೂಲಿಯೂ ಹೆಚ್ಚು. ಹೀಗಾಗಿ ಉಳಿದದ್ದನ್ನೆಲ್ಲ ಪರೀಕ್ಷಿಸಿದ ಮೇಲೆಯೇ ಇದಕ್ಕೆ ಕೈಹಾಕಬೇಕು.

ತುಂಬಿಸಿದ ಗ್ಯಾಸ್ ಎಷ್ಟು ದಿನ ಬಂತು ಎಂಬುದೂ ಒಂದು ಸುಳಿವು. ಒಂದೆರಡು ದಿನದಲ್ಲೇ ಹೋದರೆ ದೊಡ್ಡ ತೂತು, ಹುಡುಕುವುದು ಸುಲಭ. ಒಂದು ಸೀಸನ್ ಬಂದು ಹೋದರೆ ಸಣ್ಣ ಸೋರಿಕೆ, ತಾಳ್ಮೆ ಬೇಕು. ಬಿಲ್ ಮೇಲಿನ ದಿನಾಂಕ ಮೆಕ್ಯಾನಿಕ್‌ಗೆ ತಪ್ಪದೆ ತೋರಿಸಿ.

ಹುಡುಕುವುದು ಹೇಗೆ?

ಮೊದಲ ಸಾಧನ ಕಣ್ಣು. ಎಣ್ಣೆ ಜಿನುಗಿದ ಕಡೆ ಧೂಳು ಅಂಟಿ ಕಪ್ಪು, ಜಿಡ್ಡು ಕಲೆ ಆಗಿರುತ್ತದೆ. ಪೈಪ್ ಜಾಯಿಂಟ್, ಕಂಡೆನ್ಸರ್‌ನಲ್ಲಿ ಇಂಥ ಕಲೆ ಕಂಡರೆ ಅರ್ಧ ಕೆಲಸ ಆದಂತೆ.

ಎರಡನೆಯದು ಸೋಪಿನ ನೀರು. ಒಳಗೆ ಒತ್ತಡ ಇರುವಾಗ, ಇಂಜಿನ್ ಆಫ್ ಮಾಡಿ, ಜಾಯಿಂಟ್‌ಗಳಿಗೆ ನೊರೆ ಹಚ್ಚಿ ಕಾಯಬೇಕು. ಗುಳ್ಳೆ ಎದ್ದರೆ ಸಿಕ್ಕಿತು. ತೀರಾ ಸಣ್ಣ ಸೋರಿಕೆ ಇದಕ್ಕೆ ಸಿಗುವುದಿಲ್ಲ.

ಮೂರನೆಯದು ಎಲೆಕ್ಟ್ರಾನಿಕ್ ಡಿಟೆಕ್ಟರ್. ಈ ಗ್ಯಾಸ್ ಗಾಳಿಗಿಂತ ಭಾರ, ಕೆಳಗೆ ಇಳಿಯುತ್ತದೆ. ಆದ್ದರಿಂದ ಡಿಟೆಕ್ಟರ್ ತುದಿಯನ್ನು ಜಾಯಿಂಟ್‌ನ ಕೆಳಗೆ, ನಿಧಾನವಾಗಿ ಆಡಿಸಬೇಕು. ಫ್ಯಾನ್ ಗಾಳಿ ಬೀಸುತ್ತಿದ್ದರೆ ಪರೀಕ್ಷೆ ವ್ಯರ್ಥ. ಇವಾಪರೇಟರ್ ಅನುಮಾನ ಇದ್ದರೆ ಗಾಡಿ ಆಫ್ ಮಾಡಿ ಹದಿನೈದಿಪ್ಪತ್ತು ನಿಮಿಷ ಬಿಟ್ಟು, ಎಸಿ ನೀರು ತೊಟ್ಟಿಕ್ಕುವ ಡ್ರೈನ್ ಪೈಪ್ ಬಾಯಿಯಲ್ಲಿ ನೋಡುತ್ತಾರೆ. ನೀರು ಒಳಗೆ ಹೋಗದಂತೆ ಎಚ್ಚರ ಬೇಕು.

ನಾಲ್ಕನೆಯದು ಯುವಿ ಡೈ. ಹೊಳೆಯುವ ಬಣ್ಣವನ್ನು ಎಣ್ಣೆ ಜತೆ ಸೇರಿಸಿ ಕೆಲವು ದಿನ ಗಾಡಿ ಓಡಿಸಿ, ಆಮೇಲೆ ಕತ್ತಲಲ್ಲಿ ಯುವಿ ಲೈಟ್ ಹಿಡಿದರೆ ಸೋರಿದ ಜಾಗ ಹಸಿರು-ಹಳದಿಯಾಗಿ ಹೊಳೆಯುತ್ತದೆ. ನಿಧಾನ ಸೋರಿಕೆಗೆ ಇದು ಒಳ್ಳೆಯ ಉಪಾಯ.

ಐದನೆಯದು, ಗ್ಯಾಸ್ ಪೂರ್ತಿ ಹೋಗಿದ್ದರೆ, ರೆಗ್ಯುಲೇಟರ್ ಇಟ್ಟು ಒಣ ನೈಟ್ರೋಜನ್ ತುಂಬಿ ಗೇಜ್ ಇಳಿಯುತ್ತದಾ ಎಂದು ನೋಡುವುದು. ಆಕ್ಸಿಜನ್ ಅನ್ನು ಯಾವ ಕಾರಣಕ್ಕೂ ಬಳಸಬಾರದು, ಎಣ್ಣೆ ಜತೆ ಸೇರಿ ಸ್ಫೋಟ ಆಗಬಹುದು. ಟೈರ್‌ಗೆ ಹಾಕುವ ಗಾಳಿಯೂ ಬೇಡ, ಅದರಲ್ಲಿ ತೇವ ಇರುತ್ತದೆ.

‘ವ್ಯಾಕ್ಯೂಮ್ ಹಿಡಿದಿದೆ, ಲೀಕ್ ಇಲ್ಲ’ ಎಂಬ ಮಾತನ್ನು ಪೂರ್ತಿ ನಂಬಬೇಡಿ. ವ್ಯಾಕ್ಯೂಮ್‌ನಲ್ಲಿ ಪೈಪಿನ ಒಳಗೂ ಹೊರಗೂ ಇರುವ ವ್ಯತ್ಯಾಸ ಹೆಚ್ಚೆಂದರೆ 14.7 ಪಿಎಸ್‌ಐ. ಎಸಿ ಓಡುವಾಗ ಹೈ ಸೈಡ್‌ನಲ್ಲಿ 200 ಪಿಎಸ್‌ಐಗೂ ಮೀರಿ ಒತ್ತಡ ಇರುತ್ತದೆ. ವ್ಯಾಕ್ಯೂಮ್‌ನಲ್ಲಿ ಸುಮ್ಮನಿದ್ದ ಓ-ರಿಂಗ್ ಆ ಒತ್ತಡಕ್ಕೆ ಸೋರಬಹುದು.

ರಿಪೇರಿ ಆದ ಮೇಲೆ

ಬಿಚ್ಚಿದ ಪ್ರತಿ ಜಾಯಿಂಟ್‌ಗೂ ಹೊಸ ಓ-ರಿಂಗ್ ಹಾಕಬೇಕು. ಪೈಪ್ ತುಂಬಾ ಹೊತ್ತು ತೆರೆದಿದ್ದರೆ ಡ್ರೈಯರ್ ಬದಲಿಸಬೇಕು. ಹೋದಷ್ಟು ಎಣ್ಣೆ, ಕಾರಿಗೆ ಹೇಳಿದ ದರ್ಜೆಯದೇ, ಸೇರಿಸಬೇಕು. ಆಮೇಲೆ ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ವ್ಯಾಕ್ಯೂಮ್ ಎಳೆದು ತೇವ ತೆಗೆದು, ಗ್ಯಾಸನ್ನು ತೂಗಿ ತುಂಬಬೇಕು. ಹೆಚ್ಚು ತುಂಬಿದರೆ ಹೆಚ್ಚು ತಂಪು ಎಂಬುದು ತಪ್ಪು ಕಲ್ಪನೆ. ಒತ್ತಡ ಏರಿ ಕಂಪ್ರೆಸರ್‌ಗೇ ಪೆಟ್ಟು.

ಇವು ಬೇಡ

ಅಗ್ಗ ಎಂದು ಎಲ್‌ಪಿಜಿ ಮಾದರಿಯ ಗ್ಯಾಸ್ ತುಂಬಿಸಬೇಡಿ. ಇವಾಪರೇಟರ್ ಸೋರಿದರೆ ಅದು ಬರುವುದು ಕುಟುಂಬ ಕೂತಿರುವ ಕ್ಯಾಬಿನ್ ಒಳಗೇ, ಒಂದು ಕಿಡಿ ಸಾಕು. ಸೋರಿಕೆ ಮುಚ್ಚುವ ಡಬ್ಬಿ ದ್ರಾವಣಗಳು ವಾಲ್ವ್ ಕಟ್ಟಿಸಬಹುದು. ಮನೆಯಲ್ಲೇ ಪಿನ್ ಒತ್ತಿ ಗ್ಯಾಸ್ ಬಿಟ್ಟು ನೋಡುವುದೂ ಬೇಡ. ಆರ್-134ಎ ಕುದಿಯುವುದೇ ಮೈನಸ್ 26 ಡಿಗ್ರಿಯಲ್ಲಿ, ಕೈ-ಕಣ್ಣಿಗೆ ತಾಗಿದರೆ ಹಿಮಗಾಯ ಆಗುತ್ತದೆ. ಗಾಳಿಗೂ ಇದು ಒಳ್ಳೆಯದಲ್ಲ. ಭೂಮಿ ಬಿಸಿಯೇರಿಸುವ ಶಕ್ತಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 1,400 ಪಟ್ಟು ಹೆಚ್ಚು. ಅರ್ಧ ಕಿಲೋ ಸೋರಿದರೆ ಸುಮಾರು 700 ಕಿಲೋ ಇಂಗಾಲದ ಡೈಆಕ್ಸೈಡ್ ಬಿಟ್ಟದ್ದಕ್ಕೆ ಸಮ.

ಗ್ಯಾರೇಜಿನಲ್ಲಿ ಇಷ್ಟು ಕೇಳಿ

ಸೋರಿಕೆ ಎಲ್ಲಿದೆ, ತೋರಿಸ್ತೀರಾ? ಯಾವ ವಿಧಾನದಲ್ಲಿ ಹುಡುಕಿದಿರಿ? ಎಣ್ಣೆ ಎಷ್ಟು ಹಾಕಿದಿರಿ? ಎಷ್ಟು ಗ್ರಾಂ ಗ್ಯಾಸ್ ತುಂಬಿದಿರಿ, ಬಿಲ್‌ನಲ್ಲಿ ಬರೆದುಕೊಡ್ತೀರಾ? ಈ ನಾಲ್ಕು ಪ್ರಶ್ನೆಗೆ ನೇರ ಉತ್ತರ ಕೊಡುವ ಮೆಕ್ಯಾನಿಕ್ ಸಿಕ್ಕರೆ ಸ್ವಲ್ಪ ಹೆಚ್ಚು ಕೂಲಿ ಕೇಳಿದರೂ ನಷ್ಟವಿಲ್ಲ.

ಮಳೆಗಾಲ, ಚಳಿಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಹಾಕಿ. ಸೀಲ್‌ಗಳಿಗೆ ಎಣ್ಣೆ ಮುಟ್ಟುತ್ತದೆ. ಇನ್ನು ಪರೀಕ್ಷೆ ಮಾಡಿಸಬೇಕೆಂದಿದ್ದರೆ ಮೇ ತಿಂಗಳ ರಶ್‌ವರೆಗೆ ಕಾಯದೆ ಫೆಬ್ರವರಿಯಲ್ಲೇ ಗಾಡಿ ಬಿಡುವುದು ಒಳ್ಳೆಯದು. ಆಗ ಮೆಕ್ಯಾನಿಕ್ ಕೈಯಲ್ಲಿ ಹುಡುಕಲು ಸಮಯ ಇರುತ್ತದೆ.