ಇಕ್ಕಟ್ಟಿನ ಮನೆಗೆ ಎಷ್ಟು ಆಕಾಶ ಬೇಕು?

ಮುಂಬಯಿಯ ಬಿಡಿಡಿ ಚಾಳುಗಳೆಂಬ ಹಳೆಯ ವಠಾರಗಳಲ್ಲಿ ಒಂದು ಕುಟುಂಬಕ್ಕೆ ಸಿಕ್ಕಿದ್ದು 160 ಚದರ ಅಡಿಯ ಒಂದೇ ಕೋಣೆ. 1920ರ ದಶಕದ ಆ ಕಟ್ಟಡಗಳ ಜಾಗದಲ್ಲಿ ಈಗ 500 ಚದರ ಅಡಿಯ ಫ್ಲ್ಯಾಟುಗಳು ಏಳುತ್ತಿವೆ. ವರಳಿಯಲ್ಲಿ 2025ರ ಆಗಸ್ಟ್‌ನಲ್ಲಿ ಮೊದಲ ಕೀಲಿಕೈಗಳು ಮನೆಮಂದಿಯ ಕೈಸೇರಿದವು. ಜಾಗ ಮೂರು ಪಟ್ಟು ಹಿಗ್ಗಿತು, ನಿಜ. ಆದರೆ ಮನೆ ಬೆಳಗುವುದು ಚದರಡಿಯಿಂದಲ್ಲ, ಕಿಟಕಿಗೆ ಕಾಣುವ ಆಕಾಶದಿಂದ.

ಈ ಲೆಕ್ಕ ಮುಂಬಯಿಗೆ ಹೊಸದೇನಲ್ಲ. 1896ರ ಪ್ಲೇಗಿನ ಬಳಿಕ ಹುಟ್ಟಿದ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ 63.5 ಡಿಗ್ರಿ ನಿಯಮವನ್ನು ತಂದಿತು. ಗೋಡೆಯ ಬುಡದಿಂದ ಎದುರು ಕಟ್ಟಡದ ತುದಿಗೆ ಗೆರೆ ಎಳೆದರೆ, ಅದು ನೆಲದೊಂದಿಗೆ ಮಾಡುವ ಕೋನ ಇದಕ್ಕಿಂತ ಹೆಚ್ಚಿರಬಾರದು. ಅಂದರೆ ಕಟ್ಟಡದ ಎತ್ತರದ ಅರ್ಧದಷ್ಟಾದರೂ ಬಯಲು ನಡುವೆ ಇರಬೇಕು. ಇದೂ ಧಾರಾಳವೇನಲ್ಲ: ಡಿಸೆಂಬರಿನ ನಡುಹಗಲಲ್ಲೂ ಮುಂಬಯಿಯ ಸೂರ್ಯ ಸುಮಾರು 48 ಡಿಗ್ರಿಗಿಂತ ಮೇಲೇರುವುದಿಲ್ಲ. ದಕ್ಷಿಣಕ್ಕೆ ಮುಖಮಾಡಿದ ಕೆಳಮನೆಗೂ ಆಗ ಬಿಸಿಲಿಲ್ಲ, ಆಕಾಶದ ಚದುರಿದ ಬೆಳಕಷ್ಟೇ.

ಗೋವಂಡಿಯ ನಟವರ್ ಪಾರೇಖ್ ಕಾಂಪೌಂಡ್‌ನ ಪುನರ್ವಸತಿ ಕಟ್ಟಡಗಳ ನಡುವೆ ಇರುವುದು ಬರೀ 3 ಮೀಟರ್. ನೆಲಮಹಡಿಯ ಮೇಲೆ ಏಳು ಅಂತಸ್ತು. ಹಳೆಯ ನಿಯಮದಂತೆ ಹತ್ತು ಮೀಟರಿಗೂ ಹೆಚ್ಚು ಬೇಕಿತ್ತು. ಅಲ್ಲಿನ ಕ್ಷಯರೋಗಕ್ಕೂ ಬೆಳಕು-ಗಾಳಿಯ ಕೊರತೆಗೂ ನಂಟಿದೆ ಎಂದು ‘ಡಾಕ್ಟರ್ಸ್ ಫಾರ್ ಯು’ ಸಂಸ್ಥೆಯ ಅಧ್ಯಯನ ತೋರಿಸಿತು. ನೂರು ವರ್ಷ ಹಿಂದೆಯೇ ತಿಳಿದಿದ್ದನ್ನು ಬಡವರ ಮನೆ ಕಟ್ಟುವಾಗ ಕೈಬಿಟ್ಟದ್ದು ಅಕ್ಷಮ್ಯ.

ಕಟ್ಟಿ ಮುಗಿದ ಮನೆಯಲ್ಲಿ ಎದುರು ಗೋಡೆಯನ್ನು ಸರಿಸಲಾಗದು. ಆದರೆ ಒಳಗೆ ಮಾಡಬಹುದಾದದ್ದು ಬಹಳಷ್ಟಿದೆ. ಹಗಲು ಬೆಳಕು ಸಾಮಾನ್ಯವಾಗಿ ಕಿಟಕಿಯ ಮೇಲಂಚಿನ ಎತ್ತರದ ಎರಡರಿಂದ ಎರಡೂವರೆ ಪಟ್ಟು ದೂರದವರೆಗೆ ಚೆನ್ನಾಗಿ ತಲುಪುತ್ತದೆ. ಮೇಲಂಚು 2.1 ಮೀಟರ್ ಇದ್ದರೆ ಐದು ಮೀಟರಿನಾಚೆ ಮಬ್ಬು. ಆದ್ದರಿಂದ ಕಿಟಕಿಯ ಮೇಲ್ಭಾಗವೇ ಅಮೂಲ್ಯ. ಅದನ್ನು ಲಾಫ್ಟ್, ಫಾಲ್ಸ್ ಸೀಲಿಂಗ್, ದಪ್ಪ ಪರದೆಯ ಪೆಟ್ಟಿಗೆಗಳಿಂದ ಮುಚ್ಚಬಾರದು. ಲಾಫ್ಟ್ ಬೇಕೇ ಬೇಕೆಂದರೆ ಒಳಬಾಗಿಲ ಮೇಲಿರಲಿ. ಸೂರನ್ನೂ ಕಿಟಕಿಗೆ ಎದುರಾದ ಗೋಡೆಯನ್ನೂ ಹೊಳಪಿಲ್ಲದ ಬಿಳಿಯಾಗಿಸಿದರೆ ಬಿದ್ದ ಬೆಳಕಿನ ಬಹುಪಾಲು ಮರಳಿ ಕೋಣೆಗೇ ಹರಡುತ್ತದೆ. ಅಡುಗೆಮನೆಯ ಅಡ್ಡಗೋಡೆಯ ಮೇಲಿನ ಎರಡಡಿಗೆ ಗಾಜು ಹಾಕಿ.

ಗಾಳಿಗೆ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯ 1960ರ ದಶಕದ ಆರಂಭದಲ್ಲಿ ಅಹಮದಾಬಾದಿನ ಕಿರಿದಾದ ‘ಟ್ಯೂಬ್ ಹೌಸ್’ನಲ್ಲಿ ದಾರಿ ತೋರಿಸಿದ್ದರು: ಬಿಸಿಗಾಳಿ ಇಳಿಜಾರು ಸೂರಿನಗುಂಟ ಏರಿ ಮೇಲಿನ ಕಿಂಡಿಯಿಂದ ಹೊರಬೀಳುತ್ತದೆ, ಕೆಳಗಿನಿಂದ ಹೊಸ ಗಾಳಿ ಒಳಬರುತ್ತದೆ. ಫ್ಲ್ಯಾಟಿನಲ್ಲಿ ಬಾಗಿಲ ಮೇಲೊಂದು ತೆರೆಯುವ ವೆಂಟಿಲೇಟರ್ ಇದೇ ಕೆಲಸವನ್ನು ಒಂದಿಷ್ಟು ಮಾಡುತ್ತದೆ.