ಹುಂಜವೋ ಹೇಂಟೆಯೋ? ಮರಿಯ ತಲೆ ನೋಡಿ!

ಬುಟ್ಟಿ ತುಂಬ ಗುಲಾಬಿ, ಹಸಿರು ಬಣ್ಣ ಬಳಿದ ಕೋಳಿಮರಿಗಳು. ಮಕ್ಕಳ ಹಟಕ್ಕೆ ಸೋತು ಅಪ್ಪ ನಾಲ್ಕು ಮರಿ ಕೊಂಡು ತರುತ್ತಾರೆ. ಅಮ್ಮನಿಗೆ ಮುಂದೆ ಸಿಗಲಿರುವ ಮೊಟ್ಟೆಯ ಲೆಕ್ಕ. ತಿಂಗಳುಗಟ್ಟಲೆ ನುಚ್ಚು ಹಾಕಿ ಸಾಕಿದ ಮೇಲೆ ಒಂದು ಮುಂಜಾನೆ ನಾಲ್ಕೂ ಒಟ್ಟಿಗೆ ಕೂಗುತ್ತವೆ! ಇದರಲ್ಲಿ ಸೋಜಿಗವೇನಿಲ್ಲ. ಮೊಟ್ಟೆ ಕೋಳಿಯ ಕೇಂದ್ರಗಳಿಗೆ ಗಂಡುಮರಿ ಬೇಡ. ಅಗ್ಗಕ್ಕೆ ಬೀದಿಗೆ ಬರುವುದು ಹೆಚ್ಚಾಗಿ ಅವೇ.

ಕೊಳ್ಳುವ ಮುನ್ನ ತಳಿ ಗುರುತಿಸಲು ಕಲಿತರೆ ಒಳ್ಳೆಯದು. ಮೈಬಣ್ಣವೊಂದನ್ನೇ ನಂಬಬೇಡಿ, ಬೆಳೆದ ಕೋಳಿಯ ಜುಟ್ಟು, ಕಿವಿಯ ಹಾಲೆ, ನಿಲುವು ಎಲ್ಲವನ್ನೂ ನೋಡಿ. ಬಿಳಿ ಲೆಗಾರ್ನ್‌ಗೆ ಕಿವಿಯ ಹಾಲೆ ಬಿಳಿ, ಮೊಟ್ಟೆಯೂ ಬಿಳಿ. ರೋಡ್ ಐಲೆಂಡ್ ರೆಡ್‌ಗೆ ಕಂದುಗೆಂಪು ಮೈ, ಕೆಂಪು ಹಾಲೆ, ಕಂದು ಮೊಟ್ಟೆ. ಬಾರ್ಡ್ ಪ್ಲಿಮತ್ ರಾಕ್‌ನ ಗರಿಗಳ ಮೇಲೆ ಕಪ್ಪು-ಬಿಳಿ ಅಡ್ಡಪಟ್ಟೆ. ಉದ್ದ ಕತ್ತು, ನೆಟ್ಟನೆಯ ನಿಲುವು, ಗಿಡ್ಡ ಜುಟ್ಟು ಇದ್ದರೆ ಅಸೀಲ್. ಮಧ್ಯಪ್ರದೇಶದ ಕಡಕನಾಥ್‌ಗೆ ಗರಿಯಷ್ಟೇ ಅಲ್ಲ, ಚರ್ಮ, ಮಾಂಸವೂ ಕಪ್ಪು. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜನಿಗೆ ನಾಟಿ ಕೋಳಿಯಂತೆ ಬಗೆಬಗೆಯ ಬಣ್ಣ; ಮೈಬಣ್ಣ ನಂಬಿದವರು ಬೇಸ್ತು ಬೀಳುವುದು ಇಲ್ಲಿಯೇ.

ಇನ್ನು ಹೆಣ್ಣು-ಗಂಡಿನ ಪ್ರಶ್ನೆ. ಮನುಷ್ಯರಲ್ಲಿ ಎರಡು ಬಗೆಯ ಲಿಂಗ ವರ್ಣತಂತು ಇರುವುದು ಗಂಡಿಗೆ. ಕೋಳಿಗಳಲ್ಲಿ ಇದು ತಿರುವುಮುರುವು. ಹುಂಜಕ್ಕೆ ಎರಡು 'ಜೆಡ್', ಹೇಂಟೆಗೆ ಒಂದು 'ಜೆಡ್', ಒಂದು 'ಡಬ್ಲ್ಯು'. ಅಡ್ಡಪಟ್ಟೆಯ ವಂಶವಾಹಿ ಇರುವುದು 'ಜೆಡ್' ಮೇಲೆ. ಪಟ್ಟೆಯ ರಾಕ್ ಹೇಂಟೆಗೆ ರೋಡ್ ಐಲೆಂಡ್ ರೆಡ್ ಹುಂಜವನ್ನು ಕೂಡಿಸಿದರೆ, ತಾಯಿಯ ಒಂದೇ 'ಜೆಡ್' ಗಂಡುಮರಿಗಳಿಗೆ ಮಾತ್ರ ಹೋಗುತ್ತದೆ. ಮರಿಗಳೆಲ್ಲ ಕಪ್ಪು, ಆದರೆ ತಲೆಯ ಮೇಲೆ ಬಿಳಿ ಚುಕ್ಕಿ ಇದ್ದದ್ದು ಗಂಡು, ಇಲ್ಲದ್ದು ಹೆಣ್ಣು. ಮೊಟ್ಟೆಯೊಡೆದು ಬಂದ ದಿನವೇ ಗುರುತು ಸಿಕ್ಕಿತು!

ಜೋಡಿ ಅದಲುಬದಲಾಗಿ ಪಟ್ಟೆಯ ಹುಂಜಕ್ಕೆ ಕೆಂಪು ಹೇಂಟೆ ಸೇರಿಸಿದರೆ ಎಲ್ಲ ಮರಿಗಳಿಗೂ ಚುಕ್ಕಿ, ಗುರುತು ಕೆಟ್ಟಂತೆಯೇ. ಹಾಗೆಯೇ ಈ ಮಿಶ್ರತಳಿಗಳನ್ನೇ ತಮ್ಮತಮ್ಮಲ್ಲಿ ಕೂಡಿಸಿ ಕಾವು ಕೂರಿಸಿದರೆ, ಮುಂದಿನ ಪೀಳಿಗೆಯ ಎರಡೂ ಲಿಂಗಗಳಲ್ಲಿ ಚುಕ್ಕಿ ಇರುವವು, ಇಲ್ಲದವು ಬೆರೆತುಹೋಗುತ್ತವೆ. ಆದ್ದರಿಂದ "ಚುಕ್ಕಿ ಇಲ್ಲ, ಹೆಣ್ಣೇ" ಎಂದು ಯಾರಾದರೂ ಮಾರಿದರೆ ತಾಯಿ-ತಂದೆ ಯಾವ ತಳಿ ಎಂದು ಕೇಳಿ. ಉತ್ತರ ಸಿಗದಿದ್ದರೆ ಕೆಲವು ವಾರ ಬೆಳೆದ ಮರಿಗಳನ್ನೇ ಕೊಳ್ಳುವುದು ಲೇಸು. ಗಂಡಿನ ಜುಟ್ಟು ಬೇಗ ದೊಡ್ಡದಾಗಿ ಕೆಂಪೇರುತ್ತದೆ. ಆಮೇಲೆ ಬೆನ್ನಿನ ತುದಿಯಲ್ಲಿ ಚೂಪಾದ ಗರಿ ಮೂಡುತ್ತದೆ.

ಮೊದಲ ಮಹಾಯುದ್ಧದ ಕಾಲದಲ್ಲಿ ಆಹಾರದ ಕೊರತೆಯಾದಾಗ, ಬೇಡದ ಗಂಡುಮರಿಗಳಿಗೆ ಕಾಳು ದಂಡವಾಗದಂತೆ ಬಣ್ಣದಿಂದಲೇ ಅವನ್ನು ಬೇರ್ಪಡಿಸಬಹುದೆಂದು ತೋರಿಸಿದವರು ಇಂಗ್ಲೆಂಡಿನ ವಿಜ್ಞಾನಿ ಪನ್ನೆಟ್. ಜೀವಶಾಸ್ತ್ರದ ಪಾಠದಲ್ಲಿ ನೀವು ಬರೆಯುವ 'ಪನ್ನೆಟ್ ಚೌಕ' ಅವರದೇ. ಆದರೆ ಬೇರ್ಪಟ್ಟ ಗಂಡುಮರಿಗಳ ಗತಿ? ಮೊಟ್ಟೆ ಉದ್ಯಮ ಅವನ್ನು ಹುಟ್ಟಿದ ದಿನವೇ ಕೊಲ್ಲುತ್ತ ಬಂದಿದೆ. ಜರ್ಮನಿ 2022ರಿಂದ ಇದನ್ನು ನಿಷೇಧಿಸಿದೆ.

ನಮ್ಮ ಹಿತ್ತಲಲ್ಲಿ ಹುಂಜ ಅಷ್ಟು ಬೇಡದ ಪ್ರಾಣಿಯಲ್ಲ. ಅದಿಲ್ಲದೆ ಹೇಂಟೆ ಮೊಟ್ಟೆಯನ್ನೇನೋ ಇಟ್ಟೀತು. ಆದರೆ ಆ ಮೊಟ್ಟೆ ಮರಿಯಾಗದು. ಮುಂದಿನ ಸಲ ಮರಿ ತಂದಾಗ ಮಕ್ಕಳ ಕೈಗೆ ಒಂದು ನೋಟ್‌ಬುಕ್ ಕೊಡಿ. ಜುಟ್ಟು, ಗರಿ, ಬಣ್ಣವನ್ನು ವಾರವಾರವೂ ಬರೆದಿಡಲಿ. ಪಾಠದ ಚೌಕ ಹಿತ್ತಲಲ್ಲಿ ಓಡಾಡುವುದು ಅವರಿಗೇ ಕಾಣುತ್ತದೆ.