ಕತ್ತರಿಸಿದ ಮುಚ್ಚಳ ಯಾರ ಕೈಗೆ?

ಕಾಶಿಯಾತ್ರೆಗೆ ಬಂದವರು ಗಂಗಾಸ್ನಾನ, ವಿಶ್ವನಾಥನ ದರ್ಶನ ಮುಗಿಸಿ, ಹನುಮಾನ್ ಘಾಟಿನಿಂದಲೋ ಜಂಗಮವಾಡಿ ಮಠದಿಂದಲೋ ಹಿಂದೂ ವಿಶ್ವವಿದ್ಯಾಲಯ ನೋಡಲು ಹೊರಟರೆ ಅದರ ಬಾಗಿಲಲ್ಲೇ ಸಿಗುವ ಬಡಾವಣೆ ಲಂಕಾ. ಹೆಸರು ಕೇಳಿ ಗಾಬರಿಯಾಗಬೇಡಿ. ಹಿಂದೆ ರಾಮಲೀಲೆಯ ಲಂಕೆಯ ಪ್ರಸಂಗ ಇಲ್ಲಿ ನಡೆಯುತ್ತಿದ್ದುದರಿಂದ ಈ ಹೆಸರು ಬಂತೆಂದು ಊರಿನವರು ಹೇಳುತ್ತಾರೆ. ಮದನಮೋಹನ ಮಾಳವೀಯರು 1916ರಲ್ಲಿ ಸ್ಥಾಪಿಸಿದ ವಿಶ್ವವಿದ್ಯಾಲಯದ ಸಿಂಹದ್ವಾರ ಇರುವುದು ಇಲ್ಲಿಯೇ. ವಿದ್ಯಾರ್ಥಿಗಳ ಗುಂಪು, ಮೇಲೆ ಬೇಸಿಗೆಯ ಬಿಸಿಲು. ಇನ್ನು ತಂಪು ಪಾನೀಯಕ್ಕೆ ಕೊರತೆಯೇ?

ಲಂಕಾದ ಹಳೆಯ ಪಾನೀಯವೆಂದರೆ ಕುಲ್ಹಡಿನಲ್ಲಿ ಕೊಡುವ ಲಸ್ಸಿ. ರವಿದಾಸ್ ಗೇಟ್ ಬಳಿ ಹೆಸರಾಗಿದ್ದ ಲಸ್ಸಿ ಅಂಗಡಿಗಳು ರಸ್ತೆ ಅಗಲಿಸುವ ಕೆಲಸಕ್ಕಾಗಿ 2025ರ ಜೂನ್‌ನಲ್ಲಿ ನೆಲಸಮವಾದವು. ಆದರೂ ಅಗಲ ಬಾಯಿಯ ಮಣ್ಣಿನ ಲೋಟದಲ್ಲಿ ಕುಡಿಯುವ ಅಭ್ಯಾಸ ಕಾಶಿಯಿಂದ ಹೋಗಿಲ್ಲ. ಅದರ ಪಕ್ಕದಲ್ಲೇ ಈಗ ಅಲ್ಯೂಮಿನಿಯಂ ಡಬ್ಬಿಯ ಪಾನೀಯಗಳೂ ಸಾಲಾಗಿ ನಿಂತಿವೆ. ಕುಲ್ಹಡಿಗೂ ಡಬ್ಬಿಗೂ ಏನು ವ್ಯತ್ಯಾಸ ಎಂದು ಯೋಚಿಸಿದ್ದೀರಾ? ಕುಲ್ಹಡಿನಲ್ಲಿ ಕುಡಿಯುವಾಗ ಮೂಗೂ ಪಾನೀಯದ ಹತ್ತಿರ ಬರುತ್ತದೆ. ನಾವು ರುಚಿ ಎನ್ನುವುದರಲ್ಲಿ ದೊಡ್ಡ ಪಾಲು ವಾಸನೆಯದೇ. ಡಬ್ಬಿಯ ಸಣ್ಣ ಕಿಂಡಿಯಿಂದ ಪಾನೀಯ ಬರುತ್ತದೆ, ಪರಿಮಳ ಅಷ್ಟಾಗಿ ಬರುವುದಿಲ್ಲ.

ಈ ಕೊರತೆ ನೀಗಿಸಲೆಂದೇ ಒಂದು ಸಲಕರಣೆ ಬಂದಿದೆ. ಅಮೆರಿಕದ ‘ಡ್ರಾಫ್ಟ್ ಟಾಪ್’ ಇಂಥವುಗಳಲ್ಲೊಂದು. ಅಂಗೈಯಲ್ಲಿ ಹಿಡಿಸುವ ಇದನ್ನು ಡಬ್ಬಿಯ ತಲೆಯ ಮೇಲೆ ಕೂರಿಸಿ, ಹಿಡಿಗಳನ್ನು ಅದುಮಿ ತಿರುಗಿಸಿದರೆ ಒಳಗಿನ ಅಲಗುಗಳು ಅಂಚಿನ ಒಳಬದಿಯಲ್ಲಿ ಮುಚ್ಚಳವನ್ನು ಕತ್ತರಿಸುತ್ತವೆ. ಮುಚ್ಚಳ ಎತ್ತಿದರೆ ಡಬ್ಬಿಯೇ ಲೋಟ! ಐಸ್ ಹಾಕಬಹುದು, ನಿಂಬೆಹೋಳು ಹಾಕಬಹುದು. ವಿದೇಶದಲ್ಲಿರುವ ಮಕ್ಕಳು ಊರಿಗೆ ಬರುವಾಗ ತರುವ ಉಡುಗೊರೆಗಳಲ್ಲಿ ಇದೂ ಸೇರಬಹುದು. ಮಿಲ್ಕ್‌ಮೇಡ್ ಡಬ್ಬಿ ತೆರೆಯುವ ಅಡುಗೆಮನೆಯ ಓಪನರ್ ಇಲ್ಲಿ ಸಾಲದೇ ಎಂದು ಕೇಳಬೇಡಿ. ಪಾನೀಯದ ಡಬ್ಬಿಯ ಗೋಡೆ ಸುಮಾರು ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟೇ ದಪ್ಪ. ಒಳಗಿನ ಗ್ಯಾಸಿನ ಒತ್ತಡದಿಂದಲೇ ಅದು ಗಟ್ಟಿಯಾಗಿ ನಿಂತಿರುತ್ತದೆ. ಒತ್ತಡ ಹೋದರೆ ಮೆದು.

ಡಬ್ಬಿ ತೆರೆಯುವ ಕಥೆ ಸ್ವಾರಸ್ಯವಾದದ್ದು. ಪೀಟರ್ ಡುರಾಂಡ್ ತಗಡಿನ ಡಬ್ಬಿಗೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದದ್ದು 1810ರಲ್ಲಿ. ಅಮೆರಿಕದ ಎಜ್ರಾ ವಾರ್ನರ್ ಓಪನರಿಗೆ ಪೇಟೆಂಟ್ ಪಡೆದದ್ದು 1858ರಲ್ಲಿ. ನಡುವಿನ ಕಾಲವೆಲ್ಲ ಉಳಿ, ಸುತ್ತಿಗೆಯೇ ಗತಿ! ಆಮೇಲೆ ಒಹಾಯೊದ ಎರ್ಮಲ್ ಫ್ರೇಜ್ ಎಂಬಾತ 1959ರಲ್ಲಿ ಪಿಕ್‌ನಿಕ್‌ಗೆ ಹೋದಾಗ ಓಪನರ್ ಇಲ್ಲದೆ ಕಾರಿನ ಬಂಪರಿಗೆ ಡಬ್ಬಿ ತಾಗಿಸಿ ತೆರೆದನಂತೆ. ಆ ಪಾಡೇ ಕಿತ್ತು ತೆಗೆಯುವ ಉಂಗುರದ ಹುಟ್ಟಿಗೆ ಕಾರಣವಾಯಿತು; 1963ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು.

ಆದರೆ ಕಿತ್ತ ಉಂಗುರ ಎಲ್ಲಿಗೆ ಹೋಯಿತು? ಸಮುದ್ರತೀರದಲ್ಲಿ ಬರಿಗಾಲಿಗೆ ಚುಚ್ಚಿತು. ಕೆಲವರು ಉಂಗುರವನ್ನು ಡಬ್ಬಿಯೊಳಗೇ ಹಾಕಿ ಕುಡಿಯುತ್ತ, ಅದನ್ನೂ ನುಂಗಿ ವೈದ್ಯರ ಬಳಿ ಓಡಿದರು. ಅಮೆರಿಕದ ರಾಜ್ಯಗಳು ಒಂದೊಂದಾಗಿ ಅದನ್ನು ನಿಷೇಧಿಸಿದವು. 1970ರ ದಶಕದಲ್ಲಿ ಡೇನಿಯಲ್ ಕಡ್ಜಿಕ್ ರೂಪಿಸಿದ, ಡಬ್ಬಿಗೇ ಅಂಟಿಕೊಂಡಿರುವ ಕಿವಿ ಬಂತು. ನಾವಿಂದು ಎತ್ತುವ ಕಿವಿ ಅಂಥದ್ದೇ. ತೆರೆದ ಮೇಲೂ ಡಬ್ಬಿಯಿಂದ ಚೂರೊಂದೂ ಬೇರೆಯಾಗಬಾರದು ಎಂಬುದೇ ಅದರ ಜಾಣತನ.

ಹೊಸ ಸಲಕರಣೆ ಮಾಡುವುದು ಇದಕ್ಕೆ ವಿರುದ್ಧವಾದ ಕೆಲಸ. ಇಡೀ ಮುಚ್ಚಳವನ್ನೇ ಬಿಡಿಸಿ ಕೈಗೆ ಕೊಡುತ್ತದೆ. ಡಬ್ಬಿಯಲ್ಲಿ ಉಳಿದ ಅಂಚು ನಯವಾಗಿರುತ್ತದೆಂದು ಜಾಹೀರಾತು ಹೇಳಬಹುದು. ಬಿಸಾಡಿದ ಆ ಬಿಲ್ಲೆಯ ಗತಿ ಏನು? ಕಸದ ಚೀಲ ಹೆಗಲಿಗೇರಿಸಿಕೊಂಡು ಬೆಳಿಗ್ಗೆ ಲಂಕಾದ ಗಲ್ಲಿಗಳಲ್ಲಿ ಡಬ್ಬಿ, ಬಾಟಲಿ ಆಯುವವರನ್ನು ನೋಡಿ. ಕೈಗೆ ಗವುಸು ಇರುವುದಿಲ್ಲ. ಅಲ್ಯೂಮಿನಿಯಂ ಅವರಿಗೆ ಒಳ್ಳೆಯ ಬೆಲೆಯ ಮಾಲು, ಹಾಗಾಗಿ ಕಸದೊಳಕ್ಕೆ ಕೈ ಹಾಕಿಯೇ ಹುಡುಕುತ್ತಾರೆ. ಅಲ್ಲೇ ಕಾಶಿಯ ಹಸುಗಳೂ ಅದೇ ರಾಶಿಗೆ ಮುಖ ಹಾಕುತ್ತವೆ. ಬ್ಲೇಡಿನಂಥ ಬಿಲ್ಲೆಯನ್ನು ತರಕಾರಿ ಸಿಪ್ಪೆಯ ಜೊತೆ ಸೇರಿಸಿ ಬಿಸಾಡಿದರೆ ಕೊಯ್ದುಹೋಗುವುದು ಯಾರ ಬೆರಳು, ಯಾರ ನಾಲಿಗೆ? ನಮ್ಮ ಒಂದು ಗುಟುಕಿನ ಪರಿಮಳಕ್ಕೆ ಅವರೇಕೆ ಬೆಲೆ ತೆರಬೇಕು?

ಹಾಗೆಂದು ಸಲಕರಣೆಯೇ ಬೇಡವೆನ್ನುತ್ತಿಲ್ಲ. ಇದ್ದವರು ಇಷ್ಟು ಮಾಡಿದರೆ ಸಾಕು:

ಡಬ್ಬಿಯ ತಲೆಯನ್ನು ಮೊದಲು ತೊಳೆದು ಒರೆಸಿ. ಅಂಗಡಿಯ ಧೂಳೆಲ್ಲ ಅಲ್ಲೇ ಕೂತಿರುತ್ತದೆ.

ಕುಲುಕಿದ ಅಥವಾ ಬಿಸಿಲಲ್ಲಿಟ್ಟ ಡಬ್ಬಿಗೆ ಇದನ್ನು ಹಾಕಬೇಡಿ, ಚೆನ್ನಾಗಿ ತಣ್ಣಗಾಗಲಿ. ಸಲಕರಣೆಯ ಜೊತೆ ಬಂದ ಸೂಚನೆ ಓದಿ.

ಕತ್ತರಿಸಿದ ಅಂಚನ್ನು ಬೆಳಕಿಗೆ ಹಿಡಿದು ಕಣ್ಣಿನಿಂದ ಪರೀಕ್ಷಿಸಿ, ಬೆರಳಾಡಿಸಬೇಡಿ. ಮಕ್ಕಳಿಗೆ ಲೋಟಕ್ಕೆ ಸುರಿದೇ ಕೊಡಿ.

ಮುಚ್ಚಳವನ್ನು ತಟ್ಟೆಯಲ್ಲಿ ಎತ್ತಿಡಿ. ಕುಡಿದು ಮುಗಿದ ಮೇಲೆಯೇ, ಮೊದಲಲ್ಲ, ಅದನ್ನು ಡಬ್ಬಿಯೊಳಗೆ ಹಾಕಿ, ಚಪ್ಪಲಿ ಕಾಲಿನಿಂದ ಡಬ್ಬಿಯನ್ನು ಚಪ್ಪಟೆಯಾಗಿ ತುಳಿಯಿರಿ. ಮುಚ್ಚಳ ಒಳಗೇ ಸಿಕ್ಕಿಕೊಳ್ಳುತ್ತದೆ.

ಇಂಥ ಡಬ್ಬಿಗಳನ್ನು ಹಸಿ ಕಸಕ್ಕೆ ಸೇರಿಸದೆ ಬೇರೆ ಚೀಲದಲ್ಲಿ ಕೂಡಿಟ್ಟು ಕಬಾಡಿಯವನ ಕೈಗೇ ಕೊಡಿ.

ಕೊನೆಯದರಿಂದ ಇನ್ನೂ ಒಂದು ಲಾಭವಿದೆ. ಹಳೆಯ ಅಲ್ಯೂಮಿನಿಯಂ ಕರಗಿಸಿ ಮತ್ತೆ ಬಳಸಿದರೆ, ಅದಿರಿನಿಂದ ಹೊಸದಾಗಿ ತಯಾರಿಸಲು ಬೇಕಾಗುವ ಶಕ್ತಿಯಲ್ಲಿ ಸುಮಾರು 95 ಭಾಗ ಉಳಿತಾಯ. ಹಗುರವಾದ ಬಿಡಿ ಮುಚ್ಚಳ ಚರಂಡಿಗೆ ಜಾರಿದರೆ ಅಷ್ಟೂ ನಷ್ಟ.

ಇನ್ನು ಕೊಳ್ಳಬೇಕೋ ಬೇಡವೋ ಎಂದು ಯೋಚಿಸುವವರಿಗೆ ಒಂದು ಮಾತು. ವಾರಕ್ಕೊಂದು ಡಬ್ಬಿ ತೆರೆಯುವ ಮನೆಗೆ ಇದು ಮೂಗಿಗಿಂತ ಮೂಗುತಿ ಭಾರ ಎಂಬಂತಾದೀತು. ಪರಿಮಳವೇ ಬೇಕಾದರೆ ಕಿವಿ ಎತ್ತಿ ಸ್ಟೀಲ್ ಲೋಟಕ್ಕೆ ಸುರಿದುಕೊಳ್ಳಿ. ಮೂಗಿಗೂ ತೃಪ್ತಿ, ಮುಚ್ಚಳವೂ ಡಬ್ಬಿಯಲ್ಲೇ ಭದ್ರ. ಕೊಂಡೇ ತೀರುವುದಾದರೆ ಮಾತ್ರ, ಮುಚ್ಚಳ ಕತ್ತರಿಸುವ ಮೊದಲೇ ಅದು ಮುಂದೆ ಯಾರ ಕೈಗೆ ಹೋಗುತ್ತದೆಂದು ನೆನೆದುಕೊಳ್ಳಿ.